ಗುಂಗುರು ಕೂದಲಿನೊಳಗಿನ ನಾಯಿ

ನವೆಂಬರ್ ತಿಂಗಳ ಶನಿವಾರ, ಬೆಳಿಗ್ಗೆ ಏಳು ಗಂಟೆ. ಮೆಲ್ಬರ್ನಿನ ಯಾರಾ ನದಿಯ ದಂಡೆಗುಂಟ ಸಾಗುವ ಕಾಲುದಾರಿ. ಹಗ್ಗ ನಿಮ್ಮ ಕೈಯಲ್ಲಿದೆ. ಅದರ ಆ ತುದಿಯಲ್ಲಿ ಇಪ್ಪತ್ತೆಂಟು ಕಿಲೋ ತೂಗುವ, ಮೈತುಂಬ ಗುಂಗುರು ಕೂದಲಿನ ಲ್ಯಾಬ್ರಡೂಡಲ್. ಬಣ್ಣ ನೋಡಿ ಇಟ್ಟ ಹೆಸರು ಬೆಲ್ಲ. ಮೂರು ವರ್ಷದ ಹೆಣ್ಣು. ಎತ್ತರದ ನೀಲಗಿರಿ ಮರಗಳಲ್ಲಿ ಬೂದುತಲೆಯ ದೊಡ್ಡ ಬಾವಲಿಗಳು ತಲೆಕೆಳಗಾಗಿ ಜೋತುಬಿದ್ದು ಕಿತ್ತಾಡುತ್ತಿವೆ. ಬೆಲ್ಲ ಅತ್ತ ನೋಡುವುದೇ ಇಲ್ಲ. ಅವಳ ಕಣ್ಣು ನೆಟ್ಟಿರುವುದು ಕೆಸರು ಬಣ್ಣದ ನೀರಿನಲ್ಲಿ ತೇಲುತ್ತಿರುವ ಬಾತುಕೋಳಿಯ ಮೇಲೆ. ಹಗ್ಗ ಬಿಗಿಯುತ್ತದೆ, ನಿಮ್ಮ ಭುಜ ಜಗ್ಗುತ್ತದೆ.

"ಗಟ್ಟಿಯಾಗಿ ಹಿಡ್ಕೊಳ್ಳಿ, ನೀರು ಕಂಡ್ರೆ ಇವಳು ನಮ್ಮ ಮಾತು ಕೇಳಲ್ಲ" ಎನ್ನುತ್ತಾರೆ ಬೆಲ್ಲಳ ಯಜಮಾನಿ. ಶಿವಮೊಗ್ಗದಿಂದ ಬಂದು ಇಲ್ಲಿ ನೆಲೆಸಿದವರು. ಅವರ ಹಿಂದೆ ನಿಮ್ಮ ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಆದರೂ ನಾಯಿಯಿಂದ ಕಣ್ಣು ಕೀಳದೆ ಬರುತ್ತಿದ್ದಾಳೆ. ಅವಳಿಗೆ ನಾಯಿ ಬೇಕು. ನಾಯಿ ಮುಟ್ಟಿದರೆ ಸೀನು. ಪೂಡಲ್ ಬೆರಕೆಯ ನಾಯಿ ತನ್ನಿ, ಕೂದಲು ಉದುರುವುದಿಲ್ಲ, ಅಲರ್ಜಿ ಆಗುವುದಿಲ್ಲ ಎಂದು ಕಂಡವರೆಲ್ಲ ಹೇಳಿದ್ದಾರೆ. ಅದಕ್ಕೇ ನೀವು ಇವತ್ತಿನ ದಿನವನ್ನು ಬೆಲ್ಲಳ ಜೊತೆ ಕಳೆಯಲು ಬಂದಿದ್ದೀರಿ.

ಬಾತುಕೋಳಿಯ ಕಡೆಗಿನ ಆ ಎಳೆತದಲ್ಲೇ ಮೊದಲ ಪಾಠವಿದೆ. ಲ್ಯಾಬ್ರಡೂಡಲ್ ಎಂದರೆ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿದ್ದು. ಲ್ಯಾಬ್ರಡಾರ್ ಬೇಟೆಗಾರ ಹೊಡೆದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರುವ ನಾಯಿ. ಪೂಡಲ್ ಕೂಡ ಸಿಂಗಾರಕ್ಕೆ ಹುಟ್ಟಿದ್ದಲ್ಲ. ಅದು ನೀರಿಗೆ ಹಾರಿ ಬಾತು ಹೊತ್ತು ತರುತ್ತಿದ್ದ ದುಡಿಮೆಯ ನಾಯಿ. ಪ್ರದರ್ಶನಗಳಲ್ಲಿ ಕಾಣುವ ಅದರ ವಿಚಿತ್ರ ಕ್ಷೌರದ ಮೂಲವೂ ಈಜಿಗೆ ಕೂದಲು ಅಡ್ಡಿಯಾಗದಿರಲಿ ಎಂಬ ಏರ್ಪಾಟು. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಓಟ, ಈಜು, ಹುಡುಕಾಟ ಬೆಲ್ಲಳಿಗೆ ಬಂದಿವೆ. ಸೋಫಾದ ಮೇಲಿನ ಬೊಂಬೆ ಎಂದುಕೊಂಡು ಇವಳನ್ನು ತಂದವರು ಮೊದಲ ವಾರದಲ್ಲೇ ಕಂಗಾಲಾಗುತ್ತಾರೆ. ಬೆಳಿಗ್ಗೆ ಒಂದು ನಡಿಗೆ, ಸಂಜೆ ಒಂದು ನಡಿಗೆ, ನಡುವೆ ಬುದ್ಧಿಗೆ ಒಂದಿಷ್ಟು ಕೆಲಸ. ಇಷ್ಟು ಸಿಗದಿದ್ದರೆ ಅವಳೇ ಕೆಲಸ ಹುಡುಕಿಕೊಳ್ಳುತ್ತಾಳೆ, ಮನೆಯ ಚಪ್ಪಲಿಗಳಿಂದ ಶುರುಮಾಡಿ.

ದಾರಿ ತಿರುಗುತ್ತದೆ. ಮುಂದೆ ಚಾಂಡ್ಲರ್ ಹೈವೇ ಸೇತುವೆ. ಅದರಾಚೆ ಕ್ಯೂ ಬಡಾವಣೆ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವ ಸಂಸ್ಥೆ ಅಲ್ಲಿದೆ. ಬೆಲ್ಲಳ ಕುಲದ ಕಥೆ ಜಗತ್ತಿಗೆ ಗೊತ್ತಾದದ್ದು ಆ ಸಂಸ್ಥೆಯಿಂದಲೇ. 1980ರ ದಶಕದಲ್ಲಿ ಅಲ್ಲಿ ನಾಯಿಮರಿಗಳ ತಳಿ ನೋಡಿಕೊಳ್ಳುತ್ತಿದ್ದವರು ವಾಲಿ ಕಾನ್ರನ್. ಹವಾಯಿಯಿಂದ ಅವರಿಗೊಂದು ಕೋರಿಕೆ ಬಂತು. ಕಣ್ಣು ಕಾಣದ ಒಬ್ಬ ಹೆಂಗಸಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಆಕೆಯ ಗಂಡನಿಗೆ ನಾಯಿ ಕೂದಲೆಂದರೆ ಅಲರ್ಜಿ. ಕಾನ್ರನ್ ಮೊದಲು ಶುದ್ಧ ಪೂಡಲ್‌ಗಳನ್ನೇ ಪಳಗಿಸಲು ನೋಡಿದರು. ಮೂರು ವರ್ಷಗಳಲ್ಲಿ 33 ಪೂಡಲ್‌ಗಳನ್ನು ಪರೀಕ್ಷಿಸಿದರೂ ಒಂದೂ ಆ ಕೆಲಸಕ್ಕೆ ಒದಗಲಿಲ್ಲ. ಕೊನೆಗೆ ಸಂಸ್ಥೆಯ ಲ್ಯಾಬ್ರಡಾರ್ ಹೆಣ್ಣಿಗೆ ತಮ್ಮ ಮೇಲಧಿಕಾರಿಯ ಪೂಡಲ್ ಗಂಡನ್ನು ಕೂಡಿಸಿದರು. ಮೂರು ಮರಿಗಳು ಹುಟ್ಟಿದವು.

ಸೇತುವೆಯ ಕೆಳಗೆ ಒಂದು ನಿಮಿಷ ನಿಲ್ಲಿ. ಮೇಲೆ ವಾಹನಗಳ ಸದ್ದು, ಕೆಳಗೆ ಬೆಲ್ಲ ನಿಮ್ಮ ಮೊಣಕಾಲಿಗೆ ಒರಗಿದ್ದಾಳೆ. ಕಥೆಯ ಮುಖ್ಯ ಭಾಗ ಮುಂದೆ ಇದೆ. ಮೂರು ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳು ಹವಾಯಿಗೆ ಹೋದವು. ಆ ಗಂಡನಿಗೆ ತೊಂದರೆ ಕೊಡದ ಮರಿ ಮೂರರಲ್ಲಿ ಒಂದೇ. ಅದೇ ಸುಲ್ತಾನ್. ಪಳಗಿ ಹವಾಯಿಗೆ ಹೋಗಿ, ಆ ಹೆಂಗಸಿನ ಕಣ್ಣಾಗಿ ದುಡಿದ ನಾಯಿ. ಒಂದೇ ತಾಯಿಯ ಒಂದೇ ಸೂಲಿನ ಉಳಿದಿಬ್ಬರು ಆ ಪರೀಕ್ಷೆಯಲ್ಲಿ ನಪಾಸು. ಬೆರಕೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಕಾನ್ರನ್ ನಂಬಲಿಲ್ಲ. ಒಂದೊಂದು ಮರಿಯನ್ನೂ ಪರೀಕ್ಷಿಸಿ ಆರಿಸಿದರು. ಲೋಕ ಅವರಿಂದ ಬೆರಕೆಯನ್ನು ಕಲಿಯಿತು, ಪರೀಕ್ಷೆಯನ್ನು ಕೈಬಿಟ್ಟಿತು. ಸಿಕ್ಕ ಸಿಕ್ಕ ತಳಿಗೆ ಪೂಡಲ್ ಕೂಡಿಸಿ, ತಂದೆ ತಾಯಿಯ ಆರೋಗ್ಯ ನೋಡದೆ ಮರಿ ಮಾರುವವರು ಹೆಚ್ಚಿದ್ದನ್ನು ಕಂಡು, ಇಳಿವಯಸ್ಸಿನಲ್ಲಿ ಕಾನ್ರನ್ ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿಯೇ ನೊಂದುಕೊಂಡರು.

ಎಂಟೂವರೆಗೆ ಬಡಾವಣೆಯ ಮೈದಾನ ತಲುಪುತ್ತೀರಿ. ಇಲ್ಲಿ ಹಗ್ಗ ಬಿಚ್ಚಬಹುದು. ಬೆಲ್ಲ ಬಿಟ್ಟ ಬಾಣ. ಸುತ್ತ ನೋಡಿ, ಪೂಡಲ್ ನೆತ್ತರಿನ ಇಡೀ ಬಳಗ ನೆರೆದಿದೆ. ಬೆಂಚಿನ ಕೆಳಗೆ ನುಸುಳುತ್ತಿರುವ ಪುಟ್ಟದು ಕವೂಡಲ್, ಕ್ಯಾವಲಿಯರ್ ಸ್ಪ್ಯಾನಿಯಲ್ ಮತ್ತು ಪೂಡಲ್ ಕೂಡಿದ್ದು. ನಾಲಗೆ ಚಾಚಿ ಬರುತ್ತಿರುವ ಹೊಂಬಣ್ಣದ ದೊಡ್ಡದು ಗ್ರೂಡಲ್, ಗೋಲ್ಡನ್ ರಿಟ್ರೀವರ್ ಕಡೆಯದು. ಆಮೇಲೆ ಬೇಲಿಯ ಬಳಿ ಬೆಲ್ಲಳನ್ನು ಮೂಸುತ್ತಿರುವ ಕಪ್ಪು ನಾಯಿಯತ್ತ ಬನ್ನಿ. ಚಪ್ಪಟೆ ಕೂದಲು, ಸಣ್ಣ ಗಡ್ಡ. ನಿಮ್ಮ ಮಗಳು ಅದರ ಬೆನ್ನು ಸವರಿದ ಕೈ ತೋರಿಸುತ್ತಾಳೆ; ಅಂಗೈ ತುಂಬ ಕೂದಲು.

"ಇವನು ಬೆಲ್ಲಳ ಅಣ್ಣ, ಒಂದೇ ಸೂಲಿನಲ್ಲಿ ಹುಟ್ಟಿದ್ದು" ಎನ್ನುತ್ತಾರೆ ಯಜಮಾನಿ.

ನೀವು ಎರಡೂ ನಾಯಿಗಳನ್ನು ಮತ್ತೆ ಮತ್ತೆ ನೋಡುತ್ತೀರಿ. ನಾಯಿಗಳ ಕೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ವಂಶವಾಹಿಗಳು ಕಾರಣ ಎಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಒಂದು ಗಡ್ಡ ಮೀಸೆಗೆ, ಒಂದು ಉದ್ದಕ್ಕೆ, ಒಂದು ಗುಂಗುರಿಗೆ. ಎಷ್ಟು ಉದುರಬೇಕೆಂಬುದರಲ್ಲಿ ಇನ್ನೂ ಕೆಲವು ಕೈ ಹಾಕುತ್ತವೆ. ಪ್ರತಿ ಮರಿಯೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಪಡೆಯುತ್ತದೆ, ಆದರೆ ಯಾವ ಅರ್ಧ ಎಂಬುದು ಮರಿಯಿಂದ ಮರಿಗೆ ಬೇರೆ. ಬೆಲ್ಲಳ ತಾಯಿ ತಾನೇ ಬೆರಕೆ, ತಂದೆ ಪೂಡಲ್. ಹಾಗಿದ್ದೂ ಅಣ್ಣನಿಗೆ ಒಂದು ಮೈ, ತಂಗಿಗೆ ಒಂದು ಮೈ. ಪೂಡಲ್ ಅಂಶವನ್ನು ಮತ್ತೆ ಮತ್ತೆ ಸೇರಿಸಿದರೆ ಗುಂಗುರು ಖಚಿತವಾಗುತ್ತಾ ಹೋಗುತ್ತದೆ. ಹಲವು ತಲೆಮಾರು ಹಾಗೆ ಬೆಳೆಸಿದ ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್‌ಗಳ ವಂಶವಾಹಿಗಳನ್ನು 2020ರಲ್ಲಿ ಪರಿಶೀಲಿಸಿದಾಗ ಕಂಡದ್ದೂ ಅದೇ. ಅವುಗಳಲ್ಲಿ ಲ್ಯಾಬ್ರಡಾರ್‌ಗಿಂತ ಪೂಡಲ್ ಪಾಲೇ ಬಹಳ ಹೆಚ್ಚು.

ಹತ್ತು ಗಂಟೆಗೆ ಬೆಲ್ಲಳ ಮನೆ. ಹಿತ್ತಿಲಿನ ಕಟ್ಟೆಯ ಮೇಲೆ ಶಿವಮೊಗ್ಗದಿಂದ ಬಂದಿರುವ ಅಜ್ಜಿ ಆಗಲೇ ಚಾಪೆ ಹಾಸಿ ಕೂತಿದ್ದಾರೆ. ಪಕ್ಕದಲ್ಲಿ ತಂತಿಹಲ್ಲಿನ ಬ್ರಷ್, ಉಕ್ಕಿನ ಬಾಚಣಿಗೆ. ಬೆಲ್ಲ ತಾನಾಗಿಯೇ ಬಂದು ಚಾಪೆಯ ಮೇಲೆ ಮಗ್ಗುಲಾಗುತ್ತಾಳೆ.

"ಬನ್ನಿ, ಕೈ ಹಾಕಿ ನೋಡಿ" ಎಂದು ಅಜ್ಜಿ ನಿಮ್ಮ ಬೆರಳನ್ನು ನಾಯಿಯ ಕಿವಿಯ ಹಿಂದಕ್ಕೆ ಒಯ್ಯುತ್ತಾರೆ. ಮೇಲೆ ಮೃದು, ಹತ್ತಿ ಹಿಂಜಿದ ಹಾಗೆ. ಬೆರಳು ಒಳಗಿಳಿಸಿದರೆ ಚರ್ಮಕ್ಕೆ ಅಂಟಿದಂತೆ ಗಟ್ಟಿ ಗಂಟು. "ಮೇಲೆ ಮೇಲೆ ಬಾಚಿದ್ರೆ ಚೆಂದ ಕಾಣತ್ತೆ. ಒಳಗೆ ಜಡೆಗಟ್ಟಿರತ್ತೆ. ಬುಡದಿಂದ ಬಾಚಬೇಕು."

ಅಜ್ಜಿ ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ನಡುವೆ ಚರ್ಮದ ಬಿಳಿ ಗೆರೆ ಕಾಣುತ್ತದೆ. ಆ ಗೆರೆಯಿಂದ ಕೆಳಕ್ಕೆ ಬ್ರಷ್, ಆಮೇಲೆ ಬಾಚಣಿಗೆ. ಬಾಚಣಿಗೆ ಎಲ್ಲೂ ತಡೆಯದೆ ಇಳಿದರೆ ಅರ್ಧ ಇಂಚು ಮೇಲೆ ಮತ್ತೊಂದು ಗೆರೆ. ಕಂಕುಳು, ತೊಡೆಯ ಸಂದು, ಕೊರಳ ಪಟ್ಟಿಯ ಅಡಿ, ಕಿವಿಯ ಹಿಂಭಾಗ, ಸಿಕ್ಕು ಹುಟ್ಟುವ ತಾವುಗಳಿವು. ಉದುರದ ಕೂದಲು ಎಂದರೆ ಇದೇ. ಲ್ಯಾಬ್ರಡಾರ್‌ನ ಸತ್ತ ಕೂದಲು ನೆಲಕ್ಕೆ ಬೀಳುತ್ತದೆ, ನೀವು ನೆಲ ಗುಡಿಸುತ್ತೀರಿ. ಗುಂಗುರಿನಲ್ಲಿ ಸತ್ತ ಕೂದಲು ಜೀವಂತ ಕೂದಲಿಗೇ ಸುತ್ತಿಕೊಂಡು ಒಳಗೇ ಉಳಿಯುತ್ತದೆ. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಗಂಟು ಇನ್ನೂ ಬಿಗಿಯುತ್ತದೆ. ಬಿಗಿದ ಗಂಟು ಪ್ರತಿ ಹೆಜ್ಜೆಗೂ ಚರ್ಮವನ್ನು ಎಳೆಯುತ್ತದೆ, ಅಡಿಯಲ್ಲಿ ಗಾಳಿಯಾಡದೆ ಹುಣ್ಣಾಗುತ್ತದೆ. ಮರಿಯ ಕೂದಲು ಹೋಗಿ ಬಲಿತ ಕೂದಲು ಬರುವ ಮೊದಲ ವರ್ಷದ ಕೊನೆಯಲ್ಲಂತೂ ಇವತ್ತು ಬಾಚಿದ್ದು ನಾಳೆಗೆ ಜಡೆ. ಜೊತೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಕ್ಷೌರ; ಇಷ್ಟು ದೊಡ್ಡ ನಾಯಿಗೆ ಮೆಲ್ಬರ್ನಿನಲ್ಲಿ ಪ್ರತಿ ಸಲವೂ ನೂರು ಡಾಲರ್ ದಾಟುತ್ತದೆ.

ಅಜ್ಜಿಯ ಬೆರಳು ಈಗ ಪಾದದ ಸಂದಿನಲ್ಲಿದೆ. ಚೂಪಾದ ಹುಲ್ಲಿನ ಬೀಜವೊಂದನ್ನು ಹೊರಗೆಳೆದು ಬೆಳಕಿಗೆ ಹಿಡಿಯುತ್ತಾರೆ. ಇಲ್ಲಿ ವಸಂತ ಮುಗಿದು ಬೇಸಿಗೆ ಕಾಲಿಡುವಾಗ ಹುಲ್ಲು ಒಣಗಿ ಬೀಜ ಸಿಡಿಯುತ್ತದೆ. ಗುಂಗುರಿಗೆ ಸಿಕ್ಕಿದ ಬೀಜ ಚರ್ಮವನ್ನೇ ಕೊರೆದು ಒಳಹೋಗುತ್ತದೆ, ಕಿವಿಗೂ ಇಳಿಯುತ್ತದೆ. ಪ್ರತಿ ನಡಿಗೆಯ ನಂತರ ಬೆರಳ ಸಂದು, ಕಿವಿ ನೋಡಲೇಬೇಕು.

ಮಧ್ಯಾಹ್ನ ಊಟ. ಅಜ್ಜಿ ಮಾಡಿದ ಕೇಸರಿಬಾತಿನ ಪರಿಮಳಕ್ಕೆ ಬೆಲ್ಲ ಮೇಜಿನ ಬಳಿ ಬಂದು ಕೂರುತ್ತಾಳೆ. ನಿಮ್ಮ ಮಗಳು ತುತ್ತು ಚಾಚುತ್ತಾಳೆ.

"ಬೇಡ ಪುಟ್ಟಿ, ಅದರಲ್ಲಿ ದ್ರಾಕ್ಷಿ ಇದೆ!" ಅಜ್ಜಿಯ ಕೈ ಅಡ್ಡ ಬರುತ್ತದೆ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಈರುಳ್ಳಿ ಬೆಳ್ಳುಳ್ಳಿ ಅದರ ರಕ್ತಕ್ಕೆ ಕೇಡು. ಹುಳಿ ಸಾರು, ಪಲ್ಯ, ಪಾಯಸ ಎಲ್ಲದರಲ್ಲೂ ಇವೇ ಇರುವ ನಮ್ಮ ಅಡುಗೆಮನೆಯಲ್ಲಿ ನಾಯಿಯ ತಟ್ಟೆ ಬೇರೆ, ನಮ್ಮದು ಬೇರೆ. ಬೆಲ್ಲ ಒಂದು ಕ್ಷಣ ಕಾದು, ಹೋಗಿ ತನ್ನ ಚಾಪೆಯ ಮೇಲೆ ಮಲಗುತ್ತಾಳೆ. ಇದು ತಾನಾಗಿ ಬಂದ ವಿನಯವಲ್ಲ. ಮರಿಯಾಗಿದ್ದಾಗ ಬಂದವರ ಎದೆಗೆಲ್ಲ ಹಾರುತ್ತಿದ್ದಳು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು ಎಂಬ ನಿಯಮವನ್ನು ಮನೆಯವರೆಲ್ಲ ಒಂದೇ ರೀತಿ ತಿಂಗಳುಗಟ್ಟಲೆ ಪಾಲಿಸಿದರು. ಒಂಟಿಯಾಗಿ ಬಿಟ್ಟರೆ ಊಳಿಡುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಎಂದು ಬಿಟ್ಟು ಬಿಟ್ಟು ರೂಢಿ ಮಾಡಿಸಿದರು. ಪೂಡಲ್‌ನ ಚುರುಕು ಬುದ್ಧಿ ಒಳ್ಳೆಯದನ್ನು ಬೇಗ ಕಲಿಯುತ್ತದೆ, ಕೆಟ್ಟದ್ದನ್ನೂ ಅಷ್ಟೇ ಬೇಗ.

ಊಟವಾದ ಮೇಲೆ ಮಗಳು ಬೆಲ್ಲಳ ಪಕ್ಕ ಕೂರುತ್ತಾಳೆ. ನೀವು ಗಡಿಯಾರ ನೋಡುತ್ತೀರಿ. ಕಾಲು ಗಂಟೆಗೆ ಕಣ್ಣು ಕೆಂಪು. ಅರ್ಧ ಗಂಟೆಗೆ ಸೀನಿನ ಮೇಲೆ ಸೀನು. ನೆಲದ ಮೇಲೆ ಒಂದು ಕೂದಲೂ ಇಲ್ಲ, ಆದರೂ ಸೀನು! ಏಕೆಂದರೆ ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಪ್ರೋಟೀನುಗಳು. ಕೂದಲು ಅವುಗಳ ಒಂದು ವಾಹನ ಮಾತ್ರ. ಅಲರ್ಜಿ ತಾರದು ಎಂದು ಹೆಸರಾದ ತಳಿಗಳ ಕೂದಲನ್ನು ನೆದರ್ಲೆಂಡ್ಸಿನ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಅಂಥ ಒಂದು ಪ್ರೋಟೀನು ಬೇರೆ ನಾಯಿಗಳಿಗಿಂತ ಇವುಗಳ ಕೂದಲಿನಲ್ಲಿ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಆದರೆ ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳ. ಹಾಗಾಗಿ ಮಗಳಿಗೆ ಯಾವ ನಾಯಿ ಆಗುತ್ತದೆಂದು ತಳಿಯ ಹೆಸರು ಹೇಳಲಾರದು. ಆಯಾ ನಾಯಿಯ ಪಕ್ಕ ಕೂತೇ ತಿಳಿಯಬೇಕು, ಅಲರ್ಜಿ ವೈದ್ಯರ ಮಾತು ಕೇಳಿಯೇ ಮುಂದುವರಿಯಬೇಕು.

ಮೂರು ಗಂಟೆಗೆ ನಗರದ ಹೊರಗೆ, ಕವೂಡಲ್ ಮರಿಗಳಿರುವ ಒಂದು ಮನೆ. ತಾಯಿ ನಾಯಿ ಬಾಗಿಲಿಗೇ ಬಂದು ಬಾಲ ಆಡಿಸುತ್ತದೆ. ಅದು ಒಳ್ಳೆಯ ಸೂಚನೆ. ಮರಿಗಳು ಅಡುಗೆಮನೆಯ ಮೂಲೆಯಲ್ಲೇ ಬೆಳೆಯುತ್ತಿವೆ, ಮಿಕ್ಸಿ ಸದ್ದಿಗೆ ಬೆಚ್ಚುವುದಿಲ್ಲ. ಆರು ವಾರದವು. ಎಂಟು ವಾರ ತುಂಬುವ ಮೊದಲು ಇಲ್ಲಿ ಮರಿ ಮಾರುವಂತಿಲ್ಲ. ವಿಕ್ಟೋರಿಯಾದಲ್ಲಿ 2018ರ ಜುಲೈನಿಂದ ಅಂಗಡಿಯಲ್ಲಿ ಆಶ್ರಯಧಾಮದ ನಾಯಿಗಳನ್ನಷ್ಟೇ ಮಾರಬಹುದು. ಮರಿಯ ಜಾಹೀರಾತಿನಲ್ಲಿ ಮೈಕ್ರೋಚಿಪ್ ಸಂಖ್ಯೆಯೂ ಮೂಲ ತಿಳಿಸುವ ಸಂಖ್ಯೆಯೂ ಇರಲೇಬೇಕು. ನೀವು ಎರಡನ್ನೂ ಫೋನಿನಲ್ಲಿ ತೆರೆದು ತಾಳೆ ನೋಡುತ್ತೀರಿ.

ಈಗ ತಂದೆ ತಾಯಿಯ ಕಾಗದ ಕೇಳಿ. ಕ್ಯಾವಲಿಯರ್ ಕಡೆಯಿಂದ ಹೃದಯದ ಕವಾಟದ ಕಾಯಿಲೆ ಬರಬಹುದು. ಪುಟ್ಟ ಪೂಡಲ್ ಕಡೆಯಿಂದ ಮಂಡಿಚಿಪ್ಪು ಜಾರುವ ತೊಂದರೆ, ನಿಧಾನವಾಗಿ ಕಣ್ಣು ಕುರುಡಾಗುವ ರೋಗ. ದೊಡ್ಡ ಲ್ಯಾಬ್ರಡೂಡಲ್ ಆಗಿದ್ದರೆ ಸೊಂಟದ ಕೀಲಿನ ಎಕ್ಸರೇ ಬೇಕಿತ್ತು. ಬೆರಕೆ ನಾಯಿಗೆ ರೋಗವೇ ಇಲ್ಲ ಎಂಬ ಮಾತನ್ನು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಒರೆಗೆ ಹಚ್ಚಿತು. ಮೂರು ಬಗೆಯ ಪೂಡಲ್ ಬೆರಕೆಗಳನ್ನು ಅವುಗಳ ಮೂಲ ತಳಿಗಳೊಂದಿಗೆ 57 ಕಾಯಿಲೆಗಳ ವಿಷಯದಲ್ಲಿ ಹೋಲಿಸಿದಾಗ ಬಹುಪಾಲು ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೆರಕೆಯೆಂದರೆ ಹೆಚ್ಚು ಗಟ್ಟಿಯೂ ಅಲ್ಲ, ಹೆಚ್ಚು ದುರ್ಬಲವೂ ಅಲ್ಲ. ಹೆತ್ತವು ಆರೋಗ್ಯವಾಗಿದ್ದರೆ ಮರಿಗೂ ಅದರ ಲಾಭ.

ಮನೆಯಾಕೆ ಹೃದಯ ಪರೀಕ್ಷೆಯ ವರದಿ, ಕಣ್ಣಿನ ವರದಿ ತಂದು ಮೇಜಿನ ಮೇಲಿಡುತ್ತಾರೆ. ಆಮೇಲೆ ಅವರೇ ಪ್ರಶ್ನೆ ಶುರುಮಾಡುತ್ತಾರೆ. ಹಗಲಲ್ಲಿ ಮನೆಯಲ್ಲಿ ಯಾರಿರುತ್ತೀರಿ? ದಿನಾ ಬಾಚುವವರು ಯಾರು? ಊರಿಗೆ ಹೋದಾಗ ನಾಯಿ ಎಲ್ಲಿರುತ್ತದೆ? ಮಗಳ ಸೀನಿನ ವಿಷಯ ತಿಳಿದಾಗ, ಇವತ್ತು ಮುಂಗಡ ತೆಗೆದುಕೊಳ್ಳುವುದಿಲ್ಲ, ಮುಂದಿನ ಎರಡು ವಾರ ಬಂದು ಮರಿಗಳ ಜೊತೆ, ಮುಖ್ಯವಾಗಿ ದೊಡ್ಡ ನಾಯಿಗಳ ಜೊತೆ ಗಂಟೆಗಟ್ಟಲೆ ಕೂರಿ, ಆಮೇಲೆ ಮಾತಾಡೋಣ ಎನ್ನುತ್ತಾರೆ. ಮಗಳ ಮುಖ ಬಾಡುತ್ತದೆ. ನಿಮಗೆ ಮಾತ್ರ ಸಮಾಧಾನವಾಗುತ್ತದೆ. ಸುಲ್ತಾನನನ್ನು ಆರಿಸಿದ ಕಾಳಜಿ ಈ ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ.

ನಾಯಿ ಬೇಕೆನ್ನುವ ಪ್ರತಿ ಮನೆಯೂ ಇಷ್ಟು ಮಾಡಬೇಕು. ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಪರೀಕ್ಷೆಯ ವರದಿ ಓದಿ, ಮರಿಯ ಪಕ್ಕ ಹೊತ್ತು ಕಳೆಯಿರಿ, ದಿನಾ ಬಾಚಣಿಗೆ ಹಿಡಿಯುವವರು ಯಾರೆಂದು ಮರಿ ತರುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ. ಮಗಳಿಗೆ ಒಗ್ಗದಿದ್ದರೆ ಮರಿ ತರಬೇಡಿ, ಎಷ್ಟೇ ಮುದ್ದಾಗಿದ್ದರೂ. ಇವೆಲ್ಲ ಕೇಳಿದ್ದಕ್ಕೆ ಮುಖ ಸಿಂಡರಿಸಿ, ಬೇಗ ದುಡ್ಡು ಕಟ್ಟಿ ಎನ್ನುವವರ ಬಾಗಿಲಿನಿಂದ ಆಗಲೇ ಹಿಂದಿರುಗಿ.