ಓದುವ ಆಸೆ, ಓದಿದವನೆನಿಸಿಕೊಳ್ಳುವ ಆಸೆ

ಕುಮಾರವ್ಯಾಸನ ಗದುಗಿನ ಭಾರತವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂಬುದು ನನ್ನ ಬಹುಕಾಲದ ಆಸೆ. ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ದಿನಕ್ಕೆ ಹತ್ತು ಪದ್ಯವೆಂದರೂ ಎರಡು ವರ್ಷ ದಾಟುತ್ತದೆ. ಹೀಗೆ ಲೆಕ್ಕ ಹಾಕುವುದರಲ್ಲಿ ಒಂದು ಸುಖವಿದೆ. ಡೈರಿಯಲ್ಲಿ ಗೆರೆ ಎಳೆದು, ಯಾವ ತಿಂಗಳಿಗೆ ಯಾವ ಪರ್ವ ಎಂದು ಬರೆದಿಟ್ಟರೆ ಅರ್ಧ ಓದಿಯೇ ಆಯಿತು ಅನ್ನಿಸುತ್ತದೆ. ಆ ಸುಖ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡಾಗಲೇ ನನ್ನ ಮನಸ್ಸು ನನಗೆ ಸ್ವಲ್ಪ ಅರ್ಥವಾಗತೊಡಗಿದ್ದು.

ಒಳಗೆ ಎರಡು ಆಸೆಗಳಿದ್ದವು. ಕುಮಾರವ್ಯಾಸನನ್ನು ಓದಬೇಕೆಂಬುದು ಒಂದು. ಕುಮಾರವ್ಯಾಸನನ್ನು ಓದಿದವನು ಎನಿಸಿಕೊಳ್ಳಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ತಾಳ್ಮೆಯಿದೆ, ಎರಡನೆಯದಕ್ಕೆ ಅವಸರ. ‘ಈ ವರ್ಷ ಭಾರತ ಹಿಡಿದಿದ್ದೀನಿ’ ಎಂದು ಗೆಳೆಯರ ಮುಂದೆ ಹೇಳಿಸುವುದು ಈ ಎರಡನೆಯ ಆಸೆಯೇ. ಅವರು ‘ಭೇಷ್’ ಎಂದರೆ ಅದಕ್ಕೆ ಬೇಕಾದದ್ದರಲ್ಲಿ ಬಹುಪಾಲು ಅಲ್ಲೇ ಸಿಕ್ಕಿಬಿಡುತ್ತದೆ. ಇದು ನನ್ನೊಬ್ಬನ ಸ್ವಭಾವವೆಂದುಕೊಂಡಿದ್ದೆ. ಆದರೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಕಂಡಿದೆ. ತಾನು ಇಂಥವನಾಗಬೇಕು ಎಂಬ ಹಂಬಲದಿಂದ ಮಾಡಿದ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆ, ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಗುತ್ತದೆ. ಮೆಚ್ಚುಗೆ ಮುಂಗಡವಾಗಿ ಬಂದುಬಿಟ್ಟರೆ ಮನಸ್ಸು ದುಡಿಯಲು ಹಿಂದೆಗೆಯುತ್ತದೆ. ಇದನ್ನು ತಿಳಿದಂದಿನಿಂದ ಹೊಸದಾಗಿ ಏನನ್ನು ಕೈಗೆತ್ತಿಕೊಂಡರೂ ಕೆಲಕಾಲ ಬಾಯಿಬಿಡುವುದಿಲ್ಲ.

ಇನ್ನು ಎಣಿಕೆಯ ಮಾತು. ‘ಕೈಲಾದಷ್ಟು ಮಾಡುತ್ತೇನೆ’ ಎನ್ನುವುದಕ್ಕಿಂತ ಖಚಿತವಾದ, ತುಸು ಕಷ್ಟವೇ ಆದ ಗುರಿ ಇಟ್ಟುಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂಬುದನ್ನು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಸಂಶೋಧನೆಯಿಂದ ತೋರಿಸಿದ್ದಾರೆ. 1990ರಲ್ಲಿ ಬಂದ ಅವರ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರ. ‘ದಿನಕ್ಕೆ ಹತ್ತು ಪದ್ಯ’ ಎಂಬ ನನ್ನ ಗುರಿಯೂ ಖಚಿತವಾಗಿಯೇ ಇತ್ತು. ಆದರೂ ಓದುವಾಗ ಕಣ್ಣು ಪದ್ಯದ ಮೇಲಿರದೆ ಪದ್ಯದ ಸಂಖ್ಯೆಯ ಮೇಲಿರುತ್ತಿತ್ತು. ಇದಕ್ಕೂ ಅದೇ ಸಂಶೋಧನೆಯ ಮುಂದುವರಿಕೆಯಲ್ಲಿ ಉತ್ತರವಿದೆ. ಮಾಡಲು ಬರುವ ಕೆಲಸಕ್ಕೆ ಇಷ್ಟೆಂಬ ಗುರಿ ಒಳ್ಳೆಯದು. ಇನ್ನೂ ಬಾರದ, ತೊಡಕಾದ ಕೆಲಸಕ್ಕೆ ಅಂಥ ಗುರಿ ಅಡ್ಡಿಯಾಗಬಹುದು. ಅಲ್ಲಿ ‘ಇದನ್ನು ಮಾಡುವ ಬಗೆಯನ್ನು ಕಲಿಯುತ್ತೇನೆ’ ಎಂಬ ಗುರಿಯೇ ಮೇಲು.

ಗದುಗಿನ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ; ಅದನ್ನು ಓದಲು ಕಲಿಯಬೇಕು. ಅದರ ನಡೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಗಟ್ಟಿಯಾಗಿ ಓದಿದರೆ ಮಾತ್ರ ಇದು ಕಿವಿಗೆ ಸಿಗುತ್ತದೆ. ಪ್ರಾಸ ಕೂಡಿಸಲು ಪದವೊಂದು ಸಾಲಿನ ತುದಿಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ದಾಟಿರುತ್ತದೆ. ಸಾಲಿನ ಕೊನೆಯಲ್ಲಿ ನಿಂತರೆ ಅರ್ಥ ಕೆಡುತ್ತದೆ, ನಿಲ್ಲದಿದ್ದರೆ ಲಯ ತಪ್ಪುತ್ತದೆ. ಒಮ್ಮೆ ಲಯಕ್ಕಾಗಿ, ಒಮ್ಮೆ ಪದ ಬಿಡಿಸಿ ಅರ್ಥಕ್ಕಾಗಿ, ಮತ್ತೊಮ್ಮೆ ಎರಡನ್ನೂ ಕೂಡಿಸಿ, ಹೀಗೆ ಓದಿದಾಗ ಪದ್ಯ ಬಾಯಿ ತೆರೆಯುತ್ತದೆ. ಗಮಕಿಗಳು ವಾಚಿಸುವುದನ್ನು ಕೇಳಿದರೆ ದಾರಿ ಇನ್ನಷ್ಟು ಸಲೀಸು. ಇಂಥ ಓದಿಗೆ ದಿನಕ್ಕೆ ಹತ್ತು ಎಂಬ ಲೆಕ್ಕ ಒಗ್ಗುವುದಿಲ್ಲ. ‘ಇವತ್ತು ಓದಿದ್ದು ಅರ್ಥವಾಗಬೇಕು’ ಎಂಬುದೇ ನನ್ನ ಈಗಿನ ಗುರಿ. ಕೆಲವು ದಿನ ಒಂದೇ ಪದ್ಯ. ಅದರಿಂದ ನನಗೆ ಬೇಸರವಿಲ್ಲ.

ಆದರೆ ಎಣಿಕೆ ಬಿಟ್ಟೆನೆಂದು ಹೊತ್ತನ್ನೂ ಬಿಟ್ಟರೆ ಕೆಲಸ ಕೆಟ್ಟಿತು. ಯಾವಾಗ, ಎಲ್ಲಿ, ಯಾವುದಾದ ಮೇಲೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪ ಹೆಚ್ಚು ನೆರವೇರುತ್ತದೆ ಎಂಬುದೂ ಗೋಲ್ವಿಟ್ಸರ್ ಅವರ ಅಧ್ಯಯನಗಳ ಫಲವೇ. ನನ್ನ ಮಟ್ಟಿಗೆ ಅದು ಬೆಳಗಿನ ಕಾಫಿಯಾದ ಮೇಲೆ, ಫೋನನ್ನು ಒಳಕೋಣೆಯಲ್ಲಿಟ್ಟು, ಕಿಟಕಿ ಪಕ್ಕದ ಕುರ್ಚಿ. ‘ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆ’ ಎಂಬ ಜನಪ್ರಿಯ ಮಾತನ್ನು ನಾನು ಈಗ ನಂಬುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ ಅದಕ್ಕೆ ಸುಮಾರು 66 ದಿನ ಹಿಡಿಯಿತು; ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲವೆಂಬುದೂ ಅದರಲ್ಲಿದೆ. ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವ ನನ್ನಂಥವರಿಗೆ ಇದು ದೊಡ್ಡ ಧೈರ್ಯ.

ಕೊನೆ ಮುಟ್ಟಲೇಬೇಕೆಂಬ ಹಟದ ಬಗ್ಗೆಯೂ ಯೋಚಿಸಿದ್ದೇನೆ. ವ್ಯಾಸಭಾರತದಲ್ಲಿ ಹದಿನೆಂಟು ಪರ್ವ. ಕುಮಾರವ್ಯಾಸ ಹತ್ತನೆಯದಾದ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ. ಹತ್ತಕ್ಕೇ ನಿಂತ ಕಾವ್ಯ ಕನ್ನಡಿಗರ ಮನೆ ಮನೆಯಲ್ಲಿ ಓದಿಸಿಕೊಂಡಿತು. ಬರೆದಷ್ಟು ಜೀವಂತವಾಗಿದ್ದರೆ ಎಲ್ಲಿಗೆ ನಿಂತಿತು ಎಂಬುದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ನನ್ನ ಓದು ವಿರಾಟಪರ್ವಕ್ಕೆ ನಿಂತರೂ, ಅಷ್ಟನ್ನು ನಾನು ನಿಜವಾಗಿ ಓದಿದ್ದರೆ ಅದು ನನ್ನದೇ.

ನೀವೂ ಏನಾದರೂ ಸಂಕಲ್ಪ ಮಾಡಿದ್ದರೆ ಮೊದಲು ಅದು ಯಾರ ಕಣ್ಣಿಗಾಗಿ ಎಂದು ಕೇಳಿಕೊಳ್ಳಿ. ನಿಮ್ಮದೇ ಆಸೆಯಾದರೆ ಅದಕ್ಕೊಂದು ಹೊತ್ತು, ಒಂದು ಜಾಗ ಕೊಡಿ. ಬರುವ ಕೆಲಸವಾದರೆ ಎಣಿಸಿ; ಬಾರದ ಕೆಲಸವಾದರೆ ಎಣಿಸಬೇಡಿ, ಕಲಿಯಿರಿ. ತಪ್ಪಿದ ದಿನಕ್ಕಾಗಿ ಕೊರಗದೆ ಮರುದಿನ ಅದೇ ಹೊತ್ತಿಗೆ ಬಂದು ಕೂರಿ.