ಅರವತ್ತಮೂರರಲ್ಲಿ ಇಂಗ್ಲಿಷ್ ಮಾಸ್ತರಿಕೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದ ನಾವು ಅರವತ್ತಮೂರನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರಾದೆವೆಂದರೆ ಓದುಗ ಬಂಧುಗಳಿಗೆ ನಗೆ ಬಂದೀತು. ನಮ್ಮ ಮನೆಯವರೂ ನಕ್ಕರು. ಧಾರವಾಡದ ಒಂದು ಉಚಿತ ಪ್ರಸಾದ ನಿಲಯದಲ್ಲಿ ಪಿ.ಯು.ಸಿ. ಓದುವ ಹಳ್ಳಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದ ಇಂಗ್ಲಿಷ್ ಶಿಕ್ಷಕರು ವರ್ಷದ ನಡುವೆ ಬೇರೆ ಊರಿಗೆ ಹೊರಟುಹೋದರು. ನಿಲಯದ ವ್ಯವಸ್ಥಾಪಕರು ನಮ್ಮಲ್ಲಿಗೆ ಬಂದು, "ಶಾಸ್ತ್ರಿಗಳ, ಹೊಸಬರು ಸಿಗೂ ತನಕಾ ನೀವ ನೋಡಿಕೋಬೇಕ್ರಿ" ಎಂದರು. ಸಂಸ್ಕೃತವಾದರೆ ಆಗಲಿ ಎಂದೆವು. "ಸಂಸ್ಕೃತ ಈಗ ಯಾರಿಗೆ ಬೇಕಾಗೇತ್ರಿ?" ಎಂದುಬಿಟ್ಟು, ಆಮೇಲೆ ನಾಲಗೆ ಕಚ್ಚಿಕೊಂಡರು. ಪಾಪ, ಅವರ ಮುಖ ನೋಡಿಯೇ ನಾವು ಒಪ್ಪಿಕೊಂಡೆವು.

ನಮ್ಮ ಇಂಗ್ಲಿಷಿನ ಬಂಡವಾಳವೇನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಠದ ಪಾಠಶಾಲೆಯಲ್ಲಿ ಬೆಳಗಿನ ಜಾವಕ್ಕೆದ್ದು ಅಮರಕೋಶ, ಶಬ್ದರೂಪ, ಧಾತುರೂಪಗಳನ್ನು ಕಂಠಪಾಠ ಮಾಡಿದವರು ನಾವು. ಇಂಗ್ಲಿಷ್ ಅಕ್ಷರ ಕಲಿತದ್ದು ತಡವಾಗಿ. ಅದೂ ತಲೆಕೆಳಗಾದ ಮಾರ್ಗದಿಂದ. ರಾಮಕೃಷ್ಣ ಗೋಪಾಲ ಭಾಂಡಾರಕರರು ಇಂಗ್ಲಿಷ್ ಬಲ್ಲವರಿಗೆ ಸಂಸ್ಕೃತ ಕಲಿಸಲೆಂದು ಬರೆದ ಪುಸ್ತಕಗಳು ಪಾಠಶಾಲೆಯ ಕಪಾಟಿನಲ್ಲಿದ್ದವು. ಸಂಸ್ಕೃತ ವಾಕ್ಯಗಳ ಅರ್ಥ ನಮಗೆ ತಿಳಿದೇ ಇತ್ತು. ಅದರ ಬೆಳಕಿನಲ್ಲಿ ಇಂಗ್ಲಿಷನ್ನು ಊಹಿಸಿಕೊಂಡು ಓದಿದೆವು. ಬಿ.ಎ. ಪರೀಕ್ಷೆಯಲ್ಲಿ ಇಂಗ್ಲಿಷ್ ಎರಡನೆಯ ಯತ್ನಕ್ಕೆ ದಕ್ಕಿತು. ಓದಿದರೆ ಅರ್ಥವಾಗುತ್ತದೆ, ಬರೆದರೆ ವ್ಯಾಕರಣ ತಪ್ಪುವುದಿಲ್ಲ. ಮಾತನಾಡಿದ್ದು ಮಾತ್ರ ಜನ್ಮದಲ್ಲಿ ನಾಲ್ಕಾರು ಬಾರಿ.

ಬಲ್ಲ ದಾರಿಯಲ್ಲಿಯೇ ಪಾಠಕ್ಕೆ ತೊಡಗಿದೆವು. ಕಾಲಗಳು ಹನ್ನೆರಡು, ಹನ್ನೆರಡಕ್ಕೂ ಕೋಷ್ಟಕ. ಈಟ್-ಏಟ್-ಈಟನ್, ಗೋ-ವೆಂಟ್-ಗಾನ್ ಎಂದು ಇಪ್ಪತ್ತೆರಡು ಹುಡುಗರು ಒಕ್ಕೊರಲಿನಿಂದ ಹೇಳುವಾಗ ನಮಗೆ ನಮ್ಮ ಪಾಠಶಾಲೆಯ ಪಡಸಾಲೆಯೇ ಕಣ್ಣಮುಂದೆ ಬಂದು ಆನಂದವಾಗುತ್ತಿತ್ತು. ಅವರೊಳಗೆ ಒಬ್ಬ, ಹಾವೇರಿ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ರೈತನ ಮಗ, ಒಂದು ತಿಂಗಳಲ್ಲಿ ಎಲ್ಲ ಕೋಷ್ಟಕಗಳನ್ನು ನೀರು ಕುಡಿದಂತೆ ಒಪ್ಪಿಸಿಬಿಟ್ಟನು. ನಾವು ಅವನನ್ನು ಎಲ್ಲರೆದುರು ಹೊಗಳಿದೆವು.

ಆ ವೇಳೆಗೆ ಒಂದು ಖಾಸಗಿ ಸಂಸ್ಥೆಯವರು, ಓದು ಮುಂದುವರಿಸುತ್ತ ಕೆಲಸವನ್ನೂ ಮಾಡುವ ಯೋಜನೆಯೊಂದಕ್ಕೆ ಹುಡುಗರನ್ನು ಆರಿಸಲು ಸಂದರ್ಶನವಿಟ್ಟರು. ಮನೆಯಲ್ಲಿ ತಂದೆಗೆ ಕಾಯಿಲೆ, ತಂಗಿಯ ಓದು; ಆ ಹುಡುಗನಿಗೆ ಅದು ಸಿಕ್ಕಿದ್ದರೆ ದೊಡ್ಡ ಆಸರೆಯಾಗುತ್ತಿತ್ತು. ಹೋದವನು ಮಧ್ಯಾಹ್ನಕ್ಕೇ ಮರಳಿ ಬಂದನು. ಅಂದು ಸಂಜೆ ಪಾಠಕ್ಕೆ ಬರಲಿಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ನಾವೇ ಹುಡುಕಿಕೊಂಡು ಹೋದೆವು. ಅಡುಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಕುಳಿತಿದ್ದನು.

"ಯಾಕ ತಮ್ಮಾ, ಏನ ಕೇಳಿದ್ರು?" ಎಂದೆವು.

"ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನ್ಯಾಗ ಹೇಳು ಅಂದ್ರರಿ" ಎಂದನು. ಸ್ವಲ್ಪ ಹೊತ್ತು ಬಿಟ್ಟು, ತಲೆಯೆತ್ತದೆ, "ಸರ್, ನೀವು ಕಲಿಸಿದ್ದೆಲ್ಲಾ ನನಗ ಬರತೈತ್ರಿ. ಅವರು ಅದನ್ನ ಕೇಳಲಿಲ್ರಿ" ಎಂದನು.

ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನಾವು ಏನಾದರೂ ಸಮಾಧಾನ ಹೇಳಿ ಬರುತ್ತಿದ್ದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತ ಬಂದಿದ್ದಾರೆ. ಎಂದರೆ ಈ ಮಕ್ಕಳು ಹನ್ನೊಂದು ವರ್ಷ ಇಂಗ್ಲಿಷ್ ಓದಿ ನಮ್ಮ ಮುಂದೆ ಬಂದು ಕುಳಿತವರು. ಅವರಿಗೆ ಕೊರತೆಯಾದದ್ದು ಹನ್ನೆರಡು ಕೋಷ್ಟಕಗಳಲ್ಲ. ಬಾಯಿ ತೆರೆದರೆ ತಪ್ಪಾದೀತು, ತಪ್ಪಾದರೆ ನಕ್ಕಾರು ಎಂಬ ಭಯ ಅವರಲ್ಲಿ ಬೇರುಬಿಟ್ಟಿತ್ತು. ಅದೇ ಭಯ ನಮ್ಮಲ್ಲಿಯೂ ಇದ್ದುದರಿಂದಲೇ ನಾವು ಕೋಷ್ಟಕದ ಮರೆಯಲ್ಲಿ ನಿಂತು ಪಾಠ ಹೇಳಿದೆವೆಂಬುದು ಅಂದು ತಿಳಿಯಿತು. ಕೋಷ್ಟಕ ಒಪ್ಪಿಸುವಾಗ ಗುರುವಿಗೂ ಅಪಾಯವಿಲ್ಲ, ಶಿಷ್ಯನಿಗೂ ಇಲ್ಲ.

ಹಿರಿಯ ಸ್ನೇಹಿತರೊಬ್ಬರು, ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ನಮ್ಮ ಗೋಳು ಕೇಳಿ ಎನ್. ಎಸ್. ಪ್ರಭು ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಎಂಬ ಪುಸ್ತಕ ಕೊಟ್ಟರು. ಅಚ್ಚಾದದ್ದು 1987ರಲ್ಲಿ. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗದ ವೃತ್ತಾಂತ ಅದರಲ್ಲಿದೆ. ಮಕ್ಕಳಿಗೆ ವ್ಯಾಕರಣದ ಪಾಠ ಹೇಳದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಕೊಟ್ಟು ಇಂಗ್ಲಿಷಿನಲ್ಲಿಯೇ ಲೆಕ್ಕ ಬಿಡಿಸಲು ಹಚ್ಚಿದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಂಬಿಕೆ. ಜಗತ್ತಿನ ಭಾಷಾಶಿಕ್ಷಕರೆಲ್ಲ ಇಂದಿಗೂ 'ಬೆಂಗಳೂರು ಪ್ರಯೋಗ'ವೆಂದು ಚರ್ಚಿಸುವ ಈ ಕೆಲಸ ನಮ್ಮ ನಾಡಿನಲ್ಲಿಯೇ ನಡೆದಿತ್ತು. ನಾವು ಕೇಳಿಯೇ ಇರಲಿಲ್ಲ. ವ್ಯಾಕರಣವನ್ನು ಪೂರ್ತಿ ಬಿಟ್ಟುಕೊಡಲು ನಮ್ಮ ಮನಸ್ಸು ಇಂದಿಗೂ ಒಪ್ಪದು. ಆದರೂ ಹುಡುಗರಿಂದ ಬಸ್ ನಿಲ್ದಾಣದ ವೇಳಾಪಟ್ಟಿ ಬರೆಸಿ ತರಿಸಿದೆವು. ಅರ್ಧ ಪಟ್ಟಿ ಒಬ್ಬನ ಕೈಗೆ, ಉಳಿದರ್ಧ ಇನ್ನೊಬ್ಬನ ಕೈಗೆ. ಹಾಳೆ ತೋರಿಸುವಂತಿಲ್ಲ, ಕೇಳಿಯೇ ತುಂಬಿಕೊಳ್ಳಬೇಕು. ಅಂದು ಮೊದಲ ಬಾರಿಗೆ ಪಾಠದಲ್ಲಿ ಗದ್ದಲವಾಯಿತು.

ಅಡುಗೆಮನೆ ಸೇರಿದ ಹುಡುಗ ಮಾತ್ರ ಅಲ್ಲಿಂದ ಏಳಲಿಲ್ಲ. ಅವನು ಪಾಠಕ್ಕೆ ಬಾರದಿದ್ದರೆ ಪಾಠವೇ ಅವನಿದ್ದಲ್ಲಿಗೆ ಹೋಗಲಿ ಎಂದು ಒಂದು ರವಿವಾರ ಎಲ್ಲರನ್ನೂ ಅಡುಗೆಮನೆಗೇ ಕರೆದೊಯ್ದೆವು. ರೊಟ್ಟಿ ಬಡಿಯುವ ತಾಯಂದಿರ ಅಪ್ಪಣೆ ಪಡೆದು, ನಾವು ಪರಾತದ ಮುಂದೆ ಕುಳಿತೆವು. ಹುಡುಗರು ಇಂಗ್ಲಿಷಿನಲ್ಲಿ ಹೇಳಬೇಕು, ನಾವು ಹೇಳಿದಷ್ಟನ್ನೇ ಮಾಡಬೇಕು, ಇದು ಕರಾರು. ವಿಧ್ಯರ್ಥದ ವಾಕ್ಯವೇ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಸುಲಭ: ಕರ್ತೃಪದ ಬೇಡ, ಕಾಲ ಬೇಡ, ಬರಿಯ ಧಾತು ಸಾಕು. ಆದರೂ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಕೇಳಿದನು: "ಸರ್, 'ಪುಟ್' ಅಂದ್ರ 'ಹಾಕು' ಏನ್ರಿ, 'ಹಾಕ್ರಿ' ಏನ್ರಿ?"

ನಮಗೆ ಹೊಳೆಯದೇ ಇದ್ದ ತೊಡಕು ಅದು. ಗುರುವಿಗೆ ಏಕವಚನದಲ್ಲಿ ಅಪ್ಪಣೆ ಕೊಡುವುದು ಹೇಗೆ? ಎರಡಕ್ಕೂ ಅದೊಂದೇ ರೂಪ, ಗೌರವ ದನಿಯಲ್ಲಿರುತ್ತದೆ, 'ಪ್ಲೀಸ್' ಎಂಬುದರಲ್ಲಿ ಇರುತ್ತದೆ ಎಂದು ತಿಳಿಸಿದ ಮೇಲೆ ಅವರ ಸಂಕೋಚ ಕಳೆಯಿತು. "ಪುಟ್ ವಾಟರ್, ಪ್ಲೀಸ್" ಎಂದರು. ನಾವು ಎಸರಿನ ಪಾತ್ರೆಯನ್ನೇ ಹಿಟ್ಟಿಗೆ ಬಗ್ಗಿಸತೊಡಗಿದೆವು. "ಸ್ಟಾಪ್! ಸ್ಟಾಪ್! ನಾಟ್ ಆಲ್! ಲಿಟಲ್, ಲಿಟಲ್!" ಎಂದು ಹಿಂದಿನಿಂದ ಕೂಗು ಬಂದಿತು. ಕಾಯಿಪಲ್ಲೆಯ ಬುಟ್ಟಿ ಬಿಟ್ಟು ಎದ್ದು ನಿಂತಿದ್ದವನು ಆ ಹುಡುಗನೇ. ಹಿಟ್ಟು ಅಂಬಲಿಯಾಯಿತು, ತಾಯಂದಿರು ಬೈದರು. ಆದರೆ 'ಅ ಲಿಟಲ್', 'ಸ್ಲೋಲಿ', 'ಇನಫ್' ಎಂಬವುಗಳನ್ನು ಆ ಮೇಲೆ ಯಾರಿಗೂ ಕಲಿಸಬೇಕಾಗಲಿಲ್ಲ. ಹಿಟ್ಟು ನಾದುವುದಕ್ಕೆ ಇಂಗ್ಲಿಷಿನಲ್ಲಿ 'ನೀಡ್' ಎಂದಾಗ ಎಲ್ಲರೂ ನಕ್ಕರು. ನಮ್ಮ ಕಡೆ ನೀಡುವುದೆಂದರೆ ಎಲೆಗೆ ಬಡಿಸುವುದಲ್ಲವೆ! ಎಸರು ಎಂಬುದಕ್ಕೆ ಅಂಥ ಒಂದೇ ಮಾತು ಆ ಭಾಷೆಯಲ್ಲಿ ನಮಗೆ ಸಿಗಲಿಲ್ಲ ಎಂಬುದು ಹುಡುಗರಿಗೆ ಬಹಳ ಹಿಡಿಸಿತು.

ಅಂದಿನಿಂದ ಅವನು ಪಾಠಕ್ಕೆ ಬರತೊಡಗಿದನು, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು.

ಎರಡು ಭಾಷೆಗಳ ಮೈಕಟ್ಟು ಬೇರೆ ಎಂಬುದನ್ನು ಕನ್ನಡದಲ್ಲಿಯೇ ತಿಳಿಸಬೇಕೆಂದು ನಮಗೆ ತೋರಿತು. ತರಗತಿಯಲ್ಲಿ ಕನ್ನಡದ ಸೊಲ್ಲೆತ್ತಿದರೆ ದಂಡ ವಿಧಿಸುವ ಶಾಲೆಗಳ ಮಾತು ಕೇಳಿದ್ದೇವೆ. ಅದು ನಮಗೆ ತಿಳಿಯದ ವಿದ್ಯೆ. ಕನ್ನಡದಲ್ಲಿ ನಾವು ಏನೆಲ್ಲ ಹೇಳಿ ಮುಗಿಸಿ, ಯೋಚಿಸಿಕೊಂಡು, ಕಟ್ಟಕಡೆಗೆ ಕ್ರಿಯಾಪದ ಇಡುತ್ತೇವೆ. ಇಂಗ್ಲಿಷಿನಲ್ಲಿ 'ಐ' ಎಂದೊಡನೆ ಕ್ರಿಯಾಪದ ಬಾಗಿಲಲ್ಲಿ ಬಂದು ನಿಲ್ಲಬೇಕು. ಮಕ್ಕಳು 'ಐ' ಎಂದು ಹೇಳಿ ನಿಂತುಬಿಡುವುದು ದಡ್ಡತನದಿಂದಲ್ಲ. ಕನ್ನಡ ಕೊಡುವ ಬಿಡುವನ್ನು ಅಲ್ಲಿ ಹುಡುಕುತ್ತಾರೆ. 'ನನಗೆ ಹಸಿವಾಗಿದೆ' ಎಂಬಲ್ಲಿ ಹಸಿವು ನನ್ನಲ್ಲಿಗೆ ಬರುತ್ತದೆ. 'ಐ ಆಮ್ ಹಂಗ್ರಿ' ಎಂಬಲ್ಲಿ ನಾನೇ ಹಸಿದವನು. ಮಳೆ ಬರುತ್ತಿದೆ ಎಂಬುದಕ್ಕೆ 'ಇಟ್ ಈಸ್ ರೇನಿಂಗ್' ಎಂದು ಬರೆದಾಗ ಒಬ್ಬ ಎದ್ದು, "ಸರ್, ಆ 'ಇಟ್' ಯಾರ್ರಿ?" ಎಂದನು. ಒಂದು ದಿನ ಕಾಲಾವಕಾಶ ಕೇಳಿದೆವು. ಮರುದಿನ ಬಸ್ಸಿನ ಕಿಟಕಿಯಿಂದ ಯಾರೋ ಸೀಟಿನ ಮೇಲೆ ಟವೆಲ್ಲು ಎಸೆದುದನ್ನು ಕಂಡಾಗ ಉತ್ತರ ಸಿಕ್ಕಿತು. ಇಂಗ್ಲಿಷಿನಲ್ಲಿ ಕರ್ತೃವಿನ ಆಸನ ಖಾಲಿ ಬಿಡುವಂತಿಲ್ಲ. ಕುಳಿತುಕೊಳ್ಳುವವರಿಲ್ಲದಿದ್ದರೆ ಒಂದು ಟವೆಲ್ಲಾದರೂ ಬೇಕು. 'ಇಟ್' ಎಂಬುದು ಟವೆಲ್ಲು. 'ದೇರ್ ಈಸ್ ಅ ವೆಲ್' ಎಂಬಲ್ಲಿಯ 'ದೇರ್' ಕೂಡ ಟವೆಲ್ಲೇ. ಈಗ ಯಾರಾದರೂ ಅದನ್ನು ಮರೆತರೆ ಇಡೀ ತರಗತಿ "ಟವೆಲ್ಲೋ!" ಎನ್ನುತ್ತದೆ.

ನಮ್ಮ ಭಯ ಬಿಟ್ಟುಹೋದದ್ದು ಇನ್ನೊಂದು ದಿನ. ಬ್ಯಾಂಕಿನ ಚೀಟಿ ತುಂಬುವುದನ್ನು ಕಲಿಸುತ್ತ ನಾವು 'ರಿಸಿಪ್ಟ್' ಎಂದೆವು. ಎಲ್ಲರಿಗಿಂತ ಚಿಕ್ಕ ಹುಡುಗ ಎದ್ದು ಕೈ ಕಟ್ಟಿಕೊಂಡು, "ಸರ್, ತಪ್ಪ ತಿಳೀಬ್ಯಾಡ್ರಿ, ಮೊಬೈಲಿನ್ಯಾಗ 'ರಿಸೀಟ್' ಅಂತಾರ್ರಿ" ಎಂದನು. ತರಗತಿ ಉಸಿರು ಹಿಡಿಯಿತು. ಮಠದ ಪಾಠಶಾಲೆಯಲ್ಲಿ ನಾವು ಗುರುಗಳಿಗೆ ಹಾಗೆ ಹೇಳಿದ್ದುಂಟೇ! ನಿಘಂಟು ತೆಗೆದು ನೋಡಿದೆವು. ಹುಡುಗನದೇ ಸರಿ. ಹಲಗೆಯ ಮೇಲೆ 'ಶಾಸ್ತ್ರಿಗಳ ತಪ್ಪು' ಎಂದು ಬರೆದು, ಕೆಳಗೆ ಆ ಪದ ಬರೆದೆವು. ನಲವತ್ತು ವರ್ಷ ಹಾಗೆಯೇ ಓದಿಕೊಂಡು ಬಂದವರು ನಾವು.

ಮನೆಗೆ ಬಂದು ಆ ಮೂಕ 'ಪಿ' ಎಲ್ಲಿಂದ ಬಂತೆಂದು ಹುಡುಕಿದಾಗ ನಮ್ಮ ಹಳೆಯ ವಿದ್ಯೆಗೆ ಕೆಲಸ ಸಿಕ್ಕಿತು. ಆ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಉಚ್ಚಾರದಲ್ಲಿ 'ಪಿ' ಇರಲಿಲ್ಲ. ಲ್ಯಾಟಿನ್ ಬಲ್ಲ ಪಂಡಿತರು ಮೂಲರೂಪದ ಮೇಲಿನ ಮೋಹದಿಂದ ಅದನ್ನು ಬರಹಕ್ಕೆ ಸೇರಿಸಿದರು. ಸಾಲವೆಂಬ ಅರ್ಥದ 'ಡೆಟ್' ಪದದ 'ಬಿ'ಯದೂ ಅದೇ ಕಥೆ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ 'ಶಬ್ದಮಣಿದರ್ಪಣ'ದಲ್ಲಿ ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಇಟ್ಟನು. ಇಂಗ್ಲಿಷಿನವರು ತದ್ಭವಕ್ಕೆ ತತ್ಸಮದ ವೇಷ ತೊಡಿಸಿದರು. ನಾಲಗೆ ಮಾತ್ರ ತದ್ಭವದಲ್ಲಿಯೇ ಉಳಿಯಿತು. ನಾದುವ 'ನೀಡ್' ಪದದ 'ಕೆ' ಹಾಗಲ್ಲ, ಅದು ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದ ಅಕ್ಷರವೇ. ಇದನ್ನೆಲ್ಲ ಹೇಳಿದಾಗ ಹುಡುಗರಿಗೆ ಸ್ಪೆಲಿಂಗಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಯಾರಿಗೆ ಬೇಕಾಗಿದೆ ಎಂದಿದ್ದ ಸಂಸ್ಕೃತ ವ್ಯಾಸಂಗ ಹೀಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದದ್ದನ್ನು ವ್ಯವಸ್ಥಾಪಕರಿಗೆ ನಾವಿನ್ನೂ ಹೇಳಿಲ್ಲ.

ಈಗ ಮಾತಿನ ನಡುವೆ ನಾವು ತಿದ್ದುವುದಿಲ್ಲ. ತಪ್ಪಾದ ಮೂರು ವಾಕ್ಯಗಳನ್ನು ಗುರುತು ಹಾಕಿಕೊಂಡು, ಮರುದಿನ ಯಾರ ಹೆಸರೂ ಇಲ್ಲದೆ ಹಲಗೆಯ ಮೇಲೆ ಬರೆಯುತ್ತೇವೆ. ಎಲ್ಲರೂ ಸೇರಿ ದುರಸ್ತಿ ಮಾಡುತ್ತಾರೆ. ಬಾಯಿ ಮುಚ್ಚಿಕೊಂಡಿರುವುದು ಶಾಸ್ತ್ರಿಗಳಿಗೆ ಎಷ್ಟು ಕಷ್ಟವೆಂಬುದು ಬಲ್ಲವರಿಗೇ ಗೊತ್ತು.

ಕಳೆದ ವಾರ ಊರಿನ ಬಗ್ಗೆ ಹೇಳುವ ಸರದಿ ಇಟ್ಟೆವು. ಮೊದಲು ಪಕ್ಕದವನಿಗೆ ಕನ್ನಡದಲ್ಲಿ ಹೇಳುವುದು, ಆಮೇಲೆ ಎಲ್ಲರಿಗೂ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನವನು ತಾನಾಗಿ ಎದ್ದನು. "ಇನ್ ಮೈ ವಿಲೇಜ್ ದೇರ್ ಈಸ್ ಒನ್ ಟ್ಯಾಂಕ್" ಎಂದನು, ನಿಂತನು. ನಾವು ಮನಸ್ಸಿನಲ್ಲಿಯೇ ಇಪ್ಪತ್ತು ಎಣಿಸಿದೆವು. "ಮೈ ಫಾದರ್ ಸ್ವಿಮ್ ದೇರ್. ನೌ ಇಟ್ ಈಸ್ ನೋ ವಾಟರ್." ಎರಡು ವಾಕ್ಯದಲ್ಲಿ ಎರಡು ತಪ್ಪು. ನಮ್ಮ ಕೈ ಜೇಬಿನ ಕೆಂಪು ಪೆನ್ನಿನವರೆಗೆ ಹೋಗಿ ಅಲ್ಲಿಯೇ ನಿಂತಿತು. "ವ್ಹೈ ನೋ ವಾಟರ್?" ಎಂದು ಕೇಳಿದೆವು, ಅದೂ ವ್ಯಾಕರಣಶುದ್ಧವಲ್ಲ. ಅವನು ಹೂಳಿನ ಬಗ್ಗೆ, ಮುಚ್ಚಿಹೋದ ಕಾಲುವೆಯ ಬಗ್ಗೆ, ಅಪ್ಪನ ಕಾಯಿಲೆಯ ಬಗ್ಗೆ ಹೇಳುತ್ತ ಹೋದನು. ಪ್ರಸಾದದ ಗಂಟೆ ಬಾರಿಸಿತು. ಮುಂದಿನ ಸಾಲಿನ ಇಬ್ಬರು ತಟ್ಟೆ ಹಿಡಿದುಕೊಂಡು ಎದ್ದವರು, ಮತ್ತೆ ಕುಳಿತರು.