ನಿಮ್ಮ ಬಳಿ ಸೈಕಲ್ ಇತ್ತೆ?

ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಮಾತಿನ ಭಾಗ 11ರಿಂದ 14 ನಿಮಿಷದ್ದು. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಓದು, ಕೆಲಸ, ಜೊತೆಗೆ ದಿನಬಳಕೆಯ ಒಂದೆರಡು ವಿಷಯ. ಆ ಸಾಲಿನಲ್ಲಿ ಸೈಕಲ್ಲೂ ಬರುತ್ತದೆ: ಚಿಕ್ಕವರಿದ್ದಾಗ ಸೈಕಲ್ ಇತ್ತೆ, ಈಗಲೂ ತುಳಿಯುತ್ತೀರಾ, ನಿಮ್ಮ ಕಡೆ ಜನ ಸೈಕಲ್ ಬಳಸುತ್ತಾರೆಯೆ? ಇಷ್ಟು ಸರಳ ಪ್ರಶ್ನೆಗೂ ನಮ್ಮ ಹುಡುಗ ಹುಡುಗಿಯರು ಕಲಿತುಕೊಂಡು ಹೋಗುವ ಉತ್ತರ ಬಹುಮಟ್ಟಿಗೆ ಒಂದೇ. ಸೈಕಲ್ ಪರಿಸರಸ್ನೇಹಿ, ಆರೋಗ್ಯಕ್ಕೆ ಒಳ್ಳೆಯದು, ಪೆಟ್ರೋಲ್ ಬೇಡ, ಟ್ರಾಫಿಕ್ ಕಡಿಮೆಯಾಗುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಪ್ರಶ್ನೆ ಇದ್ದದ್ದು ಉತ್ತರಿಸುವವರ ಸೈಕಲ್ಲಿನ ಬಗ್ಗೆ. ಈ ಉತ್ತರದಲ್ಲಿರುವುದು ಯಾರ ಸೈಕಲ್ಲೂ ಅಲ್ಲ. ಸ್ವಂತ ಬದುಕಿನಿಂದ ಎತ್ತಿಕೊಟ್ಟ ಉತ್ತರವೇ ಇಲ್ಲಿ ಸರಿಯಾದದ್ದು, ಅಂಕದ ಲೆಕ್ಕದಲ್ಲೂ ಅದೇ ಲಾಭದ್ದು ಎಂಬುದು ನನ್ನ ವಾದ.

ಅಂಕ ಕೊಡುವ ಅಳತೆಗಳೇನೂ ಗುಟ್ಟಲ್ಲ. ತಡವರಿಸದೆ ಒಂದಕ್ಕೊಂದು ಕೂಡಿಕೊಂಡು ಬರುವ ಮಾತು, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧತೆ, ಉಚ್ಚಾರ: ಈ ನಾಲ್ಕಕ್ಕೂ ಸಮ ತೂಕ. ಅಭಿಪ್ರಾಯ ಎಷ್ಟು ಘನವಾದದ್ದು ಎಂದು ತೂಗುವ ಐದನೆಯ ಅಳತೆ ಇಲ್ಲ. ಈಗ ಹಳ್ಳಿಯ ಒಬ್ಬ ಹುಡುಗಿಯ ಸೈಕಲ್ಲನ್ನು ಊಹಿಸಿಕೊಳ್ಳಿ. ಅಣ್ಣನ ಎತ್ತರದ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಅವಳು ಕಲಿತದ್ದು ಮುಗಿದ ಕಾಲದ ಮಾತು. ಹೈಸ್ಕೂಲಿಗೆ ದಿನಾ ಅದರಲ್ಲೇ ಹೋಗುತ್ತಿದ್ದದ್ದು ರೂಢಿಯ ಮಾತು. ಈಗ ತಮ್ಮ ತುಳಿಯುತ್ತಿದ್ದಾನೆ ಎಂಬುದು ವರ್ತಮಾನ. ಸೈಕಲ್ ಇಲ್ಲದೆ ಹೋಗಿದ್ದರೆ ಓದು ಏಳನೇ ಕ್ಲಾಸಿಗೇ ನಿಲ್ಲುತ್ತಿತ್ತು ಎನ್ನುವಾಗ, ವ್ಯಾಕರಣ ಪುಸ್ತಕದ ಕೊನೆಯ ಪಾಠಗಳಲ್ಲಿ ಬರುವ ಕಷ್ಟದ ವಾಕ್ಯರಚನೆ ತಾನಾಗಿ ಬಾಯಿಗೆ ಬರಬೇಕಾಗುತ್ತದೆ. ಪರಿಸರದ ವಾಕ್ಯಗಳಲ್ಲಿ ಇಷ್ಟು ಓಡಾಟಕ್ಕೆ ಎಡೆಯೇ ಇಲ್ಲ. ಪದಗಳ ವಿಷಯವೂ ಹಾಗೆಯೇ: ಚೈನು ಕಳಚಿದ್ದು, ಪಂಕ್ಚರ್ ಹಾಕಿಸಿದ್ದು, ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟಿದ್ದು, ದಿಣ್ಣೆ ಬಂದಾಗ ಇಳಿದು ತಳ್ಳಿದ್ದು, ಒಂದೊಂದೂ ತನ್ನದೇ ಪದವನ್ನು ಬೇಡುತ್ತದೆ. ಎಲ್ಲಕ್ಕಿಂತ ಮುಖ್ಯ, ಮಾತು ನಿಲ್ಲುವುದಕ್ಕೆ ಎಷ್ಟೋ ಸಲ ಪದ ಸಿಗದಿರುವುದಲ್ಲ, ಮುಂದೆ ಏನು ಹೇಳಬೇಕೆಂದು ತೋಚದಿರುವುದೇ ಕಾರಣ. ನಡೆದ ಸಂಗತಿಗೆ ಮುಂದಿನದು ಯಾವಾಗಲೂ ಇರುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 15,000 ರೂಪಾಯಿಗೂ ಮೀರಿದ ಶುಲ್ಕ ಕಟ್ಟಿ ಬರುವ, ಕನ್ನಡ ಶಾಲೆಯಲ್ಲಿ ಓದಿದ, ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದ ನರ್ಸಿಂಗ್ ವಿದ್ಯಾರ್ಥಿನಿಗೆ ಬಾಯಿಪಾಠ ಬಿಟ್ಟರೆ ಆಸರೆ ಏನು? ಸ್ವಂತ ಕಥೆ ಹೇಳು ಎನ್ನುವುದು ಇಂಗ್ಲಿಷ್ ಬಲ್ಲವರ ಉಪದೇಶವಲ್ಲವೆ? ಭಯ ನಿಜ, ಸಿದ್ಧತೆಯೂ ಬೇಕು. ಆದರೆ ಬಾಯಿಪಾಠದ ಆಸರೆ ಮೊದಲ ಪ್ರಶ್ನೆಯ ಆಚೆಗೆ ಬರುವುದಿಲ್ಲ. ಯಾಕೆ ಎಂದು ಪರೀಕ್ಷಕರು ಕೇಳಿದ ಕೂಡಲೇ ಅದು ತೀರಿತು. ಕಲಿತ ಸಾಲನ್ನು ಒಪ್ಪಿಸುವಾಗ ದನಿಯ ಏರಿಳಿತ ಹೋಗಿಬಿಡುತ್ತದೆ. ಉಚ್ಚಾರದ ಅಂಕದಲ್ಲಿ ಆ ಏರಿಳಿತವೂ ಸೇರಿದೆ. ಒಪ್ಪಿಸುವ ಮಾತನ್ನು ಗುರುತಿಸುವುದಕ್ಕೂ ಪರೀಕ್ಷಕರಿಗೆ ತರಬೇತಿ ಇರುತ್ತದೆ. ಆದ್ದರಿಂದ ಸಿದ್ಧತೆಯ ಜಾಗ ಬದಲಾಗಬೇಕು. ತರಬೇತಿ ಕೊಡುವವರು ಮಾದರಿ ಉತ್ತರದ ಹಾಳೆ ಹಂಚುವ ಮೊದಲು, ನಿಂಗೆ ಸೈಕಲ್ ಕಲಿಸಿದ್ದು ಯಾರಮ್ಮಾ ಎಂದು ಕನ್ನಡದಲ್ಲೇ ಕೇಳಲಿ. ಅವಳು ಹೇಳಿದ್ದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿಸಲಿ. ತಪ್ಪು ಬಂದರೂ ಅವಳ ವಿಷಯ ಅವಳ ಕೈಯಲ್ಲೇ ಇರುತ್ತದೆ. ನಮ್ಮ ಊರಿನ ಸಂಗತಿ ಪರೀಕ್ಷಕರಿಗೆ ಅರ್ಥವಾದೀತೆ ಎಂಬ ಅಳುಕೂ ಬೇಡ. ಹೆಸರು ಗೊತ್ತಿಲ್ಲದ ವಸ್ತುವನ್ನು ಬಳಸು ಮಾತಿನಲ್ಲಿ ವಿವರಿಸಬಲ್ಲ ಶಕ್ತಿಯೂ ಪದಸಂಪತ್ತಿನ ಅಂಕಕ್ಕೆ ಸೇರುತ್ತದೆ. ಸೈಕಲ್ಲೇ ಹತ್ತದವರ ಪಾಡೇನು ಎಂದರೆ, ಹತ್ತಲಿಲ್ಲ ಎನ್ನುವುದೇ ಉತ್ತರ. ಮನೆಯಲ್ಲಿದ್ದ ಒಂದೇ ಸೈಕಲ್ ಅಪ್ಪನ ಕೆಲಸಕ್ಕೆ ಬೇಕಿತ್ತು, ಇಲ್ಲವೇ ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ ಅಂದರು. ಇದಕ್ಕಿಂತ ತುಂಬಿದ ಉತ್ತರ ಇನ್ನಾವುದು?

ಕೊನೆಯ ಭಾಗದ ಪ್ರಶ್ನೆಗಳು ಬೇರೆ ಜಾತಿಯವು. ಸರ್ಕಾರ ಸೈಕಲ್ಲಿಗೆ ಉತ್ತೇಜನ ಕೊಡಬೇಕೆ ಎಂಬಂಥವು. ಅಲ್ಲಿ ಅಭಿಪ್ರಾಯ ಬೇಕೇ ಬೇಕು, ನೆನಪು ಸಾಲದು ಎನ್ನಬಹುದು. ಅಭಿಪ್ರಾಯಕ್ಕೂ ಕಾಲೂರಲು ನೆಲ ಬೇಕಲ್ಲ. ಕರ್ನಾಟಕದಲ್ಲಿ 2006–07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಅದೇ ಸುಮಾರಿಗೆ ಬಿಹಾರ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಬಿಹಾರದ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದೂ ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಆ ಏರಿಕೆ ಹೆಚ್ಚೆಂದೂ ಕಂಡರು. ಶಾಲೆಯಲ್ಲಿ ಸೈಕಲ್ ಪಡೆದು, ಬಸ್ಸಿಗೆ ಕಾಯದೆ ಸಂಜೆ ಬೆಳಕಿರುವಾಗಲೇ ಮನೆ ಸೇರಿದವಳಿಗೆ ಈ ಅಂಕಿ ಗೊತ್ತಿರಬೇಕಾಗಿಲ್ಲ. ಆ ಏರಿಕೆಯ ಕಾರಣವೇ ಅವಳಿಗೆ ಗೊತ್ತು. ಸರ್ಕಾರ ಏನು ಮಾಡಬೇಕೆಂದು ಕೇಳಿದಾಗ ಅವಳು ಅಲ್ಲಿಂದಲೇ ಶುರುಮಾಡಬಹುದು.